ದೇವರ ಮಡಕೆಯ ಅಕ್ಕಿ

ಆಗೆಲ್ಲ ಯಾರ ಮನೆಯಲ್ಲಾದರೂ ಅಕ್ಕಿ ಬೇಯುವ ವಾಸನೆ ಬಂದರೆ ಅಲ್ಲಿ ಹಬ್ಬವಿರಬೇಕು, ನೆಂಟರಿರಬೇಕು, ಇಲ್ಲವೇ ಯಾರೋ ಕಾಯಿಲೆ ಬಿದ್ದು ಮಲಗಿರಬೇಕು. ಮಧುಗಿರಿ ಬೆಟ್ಟದ ಬುಡದಲ್ಲಿದ್ದ ನಮ್ಮ ನಾಲ್ಕಾರು ಕ್ರೈಸ್ತರ ಮನೆಗಳೂ ಮುದ್ದೆಯ ಮನೆಗಳೇ. ಆದರೆ ಪ್ರತಿ ಅಡುಗೆಮನೆಯ ಮೂಲೆಯಲ್ಲೂ ದೇವರ ಪಾಲಿಗೆಂದು ಒಂದು ಚಿಕ್ಕ ಮಡಕೆ ಇರುತ್ತಿತ್ತು. ನಮ್ಮದರಲ್ಲಿ ಅಕ್ಕಿಯೇ ಇರಬೇಕೆಂದು ಅಜ್ಜಿಯ ಕಟ್ಟಪ್ಪಣೆ. ಮನೆಗೆ ಅಕ್ಕಿ ಬಂದಾಗಲೆಲ್ಲ ಮೊದಲ ಹಿಡಿಗಳು ಅದಕ್ಕೆ ಬೀಳಬೇಕು. ತಿಂಗಳಿಗೊಮ್ಮೆ, ನಮ್ಮ ಸಭೆಯನ್ನು ನೋಡಿಕೊಳ್ಳುತ್ತಿದ್ದ ಉಪದೇಶಿಗಳು ಬಂದು ಪ್ರಾರ್ಥನೆ ಮಾಡಿ ಅದನ್ನು ಒಯ್ಯುತ್ತಿದ್ದರು. ಅವರ ಊಟ ನಡೆಯುತ್ತಿದ್ದದ್ದೇ ಅದರಲ್ಲಿ.

ಅಜ್ಜಿ ಎಂದರೆ ಅಪ್ಪನ ತಾಯಿ. ಅವಳ ದೇವರಿಗೆ ಬೇರೆ ಕೆಲಸವೇ ಇರಲಿಲ್ಲವೇನೋ. ನಾನು ಭಾನುವಾರ ಕುಂಟೆಬಿಲ್ಲೆ ಆಡಿದರೂ ನೋಡುತ್ತಿದ್ದ, ಪ್ರಾರ್ಥನೆಯಲ್ಲಿ ಕಣ್ಣು ಬಿಟ್ಟರೂ ನೋಡುತ್ತಿದ್ದ. ದೇವರಿಗೆಂದು ಕೊಟ್ಟದ್ದರಲ್ಲಿ ಒಂದಿಷ್ಟು ಬಚ್ಚಿಟ್ಟುಕೊಂಡ ಗಂಡಹೆಂಡಿರು ನಿಂತ ನೆಲದಲ್ಲೇ ಸತ್ತುಬಿದ್ದ ಬೈಬಲಿನ ಕಥೆಯನ್ನು ಅಜ್ಜಿ ಹೇಳಿದಾಗಲೆಲ್ಲ ನನಗೆ ಊಟ ಸೇರುತ್ತಿರಲಿಲ್ಲ.

ಹುಣಸೆಹಣ್ಣು ಬಡಿಯುವ ಕಾಲ. ಇನ್ನೂ ಎರಡು ತುಂಬದ ನನ್ನ ತಮ್ಮ ಸುಂದರನಿಗೆ ಭೇದಿ ಹಿಡಿಯಿತು, ಜೊತೆಗೆ ಜ್ವರ. ರಾಗಿ ಅಂಬಲಿ ಕುಡಿಸಿದರೆ ಕಕ್ಕುತ್ತಿದ್ದ. ಆಸ್ಪತ್ರೆಯ ಕಾಂಪೌಂಡರು ಸೀಸೆಯಲ್ಲಿ ಔಷಧಿ ಕೊಟ್ಟು, ಅಕ್ಕಿಗಂಜಿಗೆ ಉಪ್ಪು ಹಾಕಿ ಕುಡಿಸುತ್ತಲೇ ಇರಿ ಎಂದರು. ಅಂಗಡಿಗಳಲ್ಲಿ ಅಕ್ಕಿ ಕಾಣದ ವರ್ಷ ಅದು. ಪಾವಗಡದ ಕಡೆ ಮೇಷ್ಟರಾಗಿದ್ದ ಅಪ್ಪ ಬರುವುದು ಶನಿವಾರದ ಬಸ್ಸಿಗೆ. ನೆರೆಮನೆಗಳಲ್ಲಿ ಕೇಳಿ ಬರಿಗೈಯಲ್ಲಿ ಬಂದ ಅವ್ವ ದೇವರ ಮಡಕೆಗೆ ಕೈ ಹಾಕಿದಳು.

ಸುಂದರ ಗಂಜಿ ಕುಡಿದ, ಕಕ್ಕಲಿಲ್ಲ, ಮಲಗಿದ. ಆದರೆ ಸಂಜೆಗೆ ಜ್ವರ ಏರಿತು. ಅಷ್ಟರಲ್ಲಿ ಅಜ್ಜಿ ಮಡಕೆಯ ಮುಚ್ಚಳ ತೆಗೆದು ನೋಡಿಯಾಗಿತ್ತು.

"ದೇವರ್ದುನ್ನ ಮುಟ್ಬುಟ್ಯಲ್ಲೇ. ಅದ್ಕೇ ಇಂಗಾಗಿರೋದು ಕೂಸ್ಗೆ."

"ಇನ್ನೇನ್ಮಾಡ್ಲಿ ಅತ್ತೆ? ಬ್ಯಾರೆ ಅಕ್ಕಿ ಎಲ್ಲೈತೆ?" ಎಂದಳು ಅವ್ವ.

"ಪ್ರಾರ್ಥನೆ ಮಾಡು. ಅದುನ್ನ ಮಾತ್ರ ಮುಟ್ಬ್ಯಾಡ."

ಅವ್ವ ಆಮೇಲೆ ಮುಟ್ಟಲಿಲ್ಲ. ಮಾರನೆಯ ದಿನ ಬೆಳಗಿನಿಂದ ಸುಂದರನಿಗೆ ಬರೀ ನೀರು, ಔಷಧಿ. ಮಧ್ಯಾಹ್ನದ ಹೊತ್ತಿಗೆ ಅವನ ಅಳುವಿನಲ್ಲಿ ಸದ್ದೇ ಇರಲಿಲ್ಲ, ಬಾಯಿ ಮಾತ್ರ ತೆರೆಯುತ್ತಿತ್ತು. ನಾನು ಅವನ ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರಾಡುತ್ತಾನೋ ಇಲ್ಲವೋ ನೋಡುತ್ತ ಕೂತಿದ್ದೆ. ಅಕ್ಕಿ ಕೈಗೆಟುಕುವಷ್ಟು ದೂರದಲ್ಲಿತ್ತು. ಕೈ ಹಾಕಿದರೆ ದೇವರು ಸಾಯಿಸುತ್ತಾನೆ, ಹಾಕದಿದ್ದರೆ ಹಸಿವು ಸಾಯಿಸುತ್ತದೆ. ಅಷ್ಟು ದಿಕ್ಕುಗೆಟ್ಟ ಹೆದರಿಕೆ ನನಗೆ ಮತ್ತೆಂದೂ ಆಗಿಲ್ಲ.

ಕೊನೆಗೆ ನನ್ನನ್ನು ಹೊರಗೆ ಕರೆದು, "ಹೋಗಿ ಉಪದೇಶಿಗಳ್ನ ಕರ್ಕಂಬಾ" ಎಂದಳು ಅವ್ವ. ಓಡಿದೆ. ಸಣಕಲು ಮನುಷ್ಯ, ಎಲೆಯಡಿಕೆ ಜಗಿಯುತ್ತಲೇ ನನ್ನ ಹಿಂದೆ ಬಂದರು. ಅವ್ವ ಎಲ್ಲವನ್ನೂ ಹೇಳಿದಳು. ಅವರು ಸುಂದರನ ಕೆನ್ನೆ ಮುಟ್ಟಿ ನೋಡಿದರು. ಬಾಯಿಯದನ್ನು ಹೊರಗೆ ಉಗಿದು ಬಂದು ಅಜ್ಜಿಯ ಎದುರು ಕೂತರು.

"ಈ ಅಕ್ಕಿ ಉಣ್ಣೋನು ನಾನು ತಾನೇ ಅಮ್ಮ? ನಾನುಂಡ್ರೆ ದೇವರಿಗೆ ಮುಟ್ತದೆ, ಈ ಕೂಸುಂಡ್ರೆ ಮುಟ್ಟಾಕಿಲ್ವಾ?"

"ಅಂಗಾದ್ರೆ ದೇವರ ಭಯ ಬ್ಯಾಡ್ವಾ ಉಪದೇಶಿಗಳೇ?"

"ಬೇಕು ಕಣಮ್ಮ, ಬೇಕೇ ಬೇಕು. ನಿಮ್ಮ ಮಗ ಚಿಕ್ಕೋನಾಗಿದ್ದಾಗ ಅವ್ರಪ್ಪನ್ನ ಕಂಡ್ರೆ ಹೆದ್ರುತಿರ್ಲಿಲ್ವಾ?"

"ಊಂ, ಬಲು ಹೆದ್ರೋನು."

"ಹೊಟ್ಟೆ ಹಸ್ದಾಗ?"

"ಅವ್ರತ್ರಾನೇ ಓಡೋನು" ಎಂದಳು ಅಜ್ಜಿ.

"ಅಂಥ ಭಯ ಇರ್ಲಿ. ಕೂಸ್ನ ಉಪಾಸ ಮಲಗ್ಸೋ ಭಯ ಎಲ್ಲಿಂದ ಬಂತೋ ನಂಗೊತ್ತಿಲ್ಲ, ದೇವರಿಂದಂತೂ ಬಂದಿಲ್ಲ."

ಅಜ್ಜಿಗೆ ಒಪ್ಪಿಗೆಯಾಯಿತೆಂದು ನಾನು ಹೇಳಲಾರೆ. ಮುಖ ಬಿಗಿದೇ ಇತ್ತು. ಆದರೆ ಎದ್ದು ತಾನೇ ಮಡಕೆಗೆ ಕೈ ಹಾಕಿ ಅಕ್ಕಿ ತೊಳೆದಳು, ಒಲೆ ಊದಿದಳು. ಗಂಜಿ ಬೆಂದು ಆರಿದ ಮೇಲೆ ಅವ್ವ ಲೋಟಕ್ಕೆ ಕೈ ಚಾಚಿದರೆ ಕೊಡಲಿಲ್ಲ.

"ತಡಿ. ಮೊದ್ಲು ನಾನು ಕುಡೀತೀನಿ. ಬಡಿಯಂಗಿದ್ರೆ ದೇವರು ನನ್ನೇ ಬಡೀಲಿ."

ಕಣ್ಣು ಮುಚ್ಚಿ ಒಂದು ಗುಟುಕು ಕುಡಿದಳು. ಕಥೆಯ ಗಂಡಹೆಂಡಿರಂತೆ ಈಗ ಬೀಳುತ್ತಾಳೆ, ಈಗ ಬೀಳುತ್ತಾಳೆ ಎಂದು ನಾನು ಅವಳ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಉಪದೇಶಿಗಳು ನಗಲಿಲ್ಲ. ತಲೆ ತಗ್ಗಿಸಿ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಕಣ್ಣು ಬಿಟ್ಟು, ಸುಂದರನನ್ನು ತೊಡೆಯ ಮೇಲೆಳೆದುಕೊಂಡು, ಒಳಲೆಯಲ್ಲಿ ಹನಿಹನಿಯಾಗಿ ಕುಡಿಸತೊಡಗಿದಳು. ಶನಿವಾರ ಅಪ್ಪ ಬರುವಷ್ಟರಲ್ಲಿ ಅವನು ಗೋಡೆಗೆ ಒರಗಿ ಕೂರುವಂತಾಗಿದ್ದ. ಆ ತಿಂಗಳು ಉಪದೇಶಿಗಳು ನಮ್ಮ ಮನೆಯಲ್ಲಿ ರಾಗಿಹಿಟ್ಟು ಇಸಿದುಕೊಂಡು ಹೋದರು.

ಈಗ ನಾವು ಆರಾಧನೆಗೆ ಲಕೋಟೆಯಲ್ಲಿ ಕಾಣಿಕೆ ಹಾಕುವವರು. ಬೋಧಕರು ದೇವರ ಪ್ರೀತಿಯ ಬಗ್ಗೆ ಚೆನ್ನಾಗಿ ಮಾತಾಡುತ್ತಾರೆ. ನನ್ನ ಮೊಮ್ಮಕ್ಕಳಿಗೆ ದೇವರೆಂದರೆ ಒಂದಿಷ್ಟೂ ಹೆದರಿಕೆಯಿಲ್ಲ, ಅದು ನನಗೆ ಸಂತೋಷವೇ. ಅವರಿಗೆ ಕಾಯಿಲೆಯಾದರೆ ಗಂಜಿಯನ್ನೂ ನಾನೇ ಕಾಯಿಸಿ ಕೊಡುತ್ತೇನೆ. ಆದರೆ ದೇವರು ಹೊಡೆದೇ ಹೊಡೆಯುತ್ತಾನೆ ಎಂದು ನಂಬಿಕೊಂಡೂ ಮಗುವಿಗಾಗಿ ಆ ಗುಟುಕನ್ನು ಮೊದಲು ಕುಡಿಯುವಷ್ಟು ಪ್ರೀತಿ ನನ್ನಲ್ಲಿದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.