ಕಾಡಿಗೆ ಮೀಸೆಯ ಶಾಸಕರು

ಕತಾರಿನ ದುಖಾನ್‌ನಿಂದ ದೋಹಾಕ್ಕೆ ಹೋಗುವ ದಾರಿಯುದ್ದಕ್ಕೂ ಮಗಳು ಕಾರಿನಲ್ಲಿ ಭಾಷಣ ಬಾಯಿಪಾಠ ಮಾಡುತ್ತಿದ್ದಳು. ನೂರು ವರ್ಷದ ಹಿಂದೆ ಅಮೆರಿಕದ ಒಂದು ರಾಜ್ಯದಲ್ಲಿ ಶಾಸಕನಾಗಿದ್ದವನ ಪಾತ್ರ, ಶಾಲೆಯ ಪ್ರಾಜೆಕ್ಟು. ಕಿರಾಣಿ ಅಂಗಡಿ ಇಟ್ಟಿದ್ದ ಅವನು ಎರಡು ಸಲ ಸೋತು, ಮೂರನೆಯ ಸಲ ಗೆದ್ದು, ಊರಿಗೊಂದು ಸೇತುವೆ ಕಟ್ಟಿಸಿದನಂತೆ. ಅದನ್ನು ಕನ್ನಡಕ್ಕೆ ತಿರುಗಿಸಿ, ಮೊದಲು ನಮ್ಮ ಕನ್ನಡ ಕೂಟದಲ್ಲಿ ಹೇಳಿಸಲು ಹೊರಟವನು ನಾನೇ.

ಕಾಡಿಗೆಯಲ್ಲಿ ಮೀಸೆ ಬರೆದುಕೊಂಡು ಅವಳು ವೇದಿಕೆ ಹತ್ತಿದಳು. ನಮ್ಮಲ್ಲಿ ಶಾಸಕರು ವೇದಿಕೆಗೆ ಬಂದರೆ ಸನ್ಮಾನವಾಗದೆ ಇಳಿಯುವುದುಂಟೇ? ಭಾಷಣ ಮುಗಿಯುವ ಮೊದಲೇ ಕೂಟದ ಕಾರ್ಯದರ್ಶಿ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟೇಬಿಟ್ಟರು. ಪೇಟ ಮೂಗಿನ ತನಕ ಜಾರಿತು. ಅಮೆರಿಕದವನಿಗೆ ಪೇಟವೇ ಎಂದು ನಾನು ಸಿಡುಕಿದೆ. ಪಕ್ಕದಲ್ಲಿದ್ದ ಮಂಗಳೂರಿನ ಹಿರಿಯರು, "ಸುಮ್ಮನಿರಿ ಮಾರಾಯ್ರೆ, ಸೇತುವೆ ಕಟ್ಟಿಸಿದವರಿಗೆ ಇಷ್ಟೂ ಮಾಡದಿದ್ರೆ ಹೇಗೆ?" ಎಂದರು.

ಮಗಳು ಪೇಟ ಎತ್ತಿ ಹಿಡಿದು, "ಅಂಕಲ್, ಆಂಟಿ, ನನಗೆ ವೋಟ್ ಕೊಡಿ, ಪ್ಲೀಸ್" ಎಂದಳು. ಸಭೆಯ ಕೈಗಳೆಲ್ಲ ಮೇಲೆದ್ದವು. ನನ್ನದೂ ಎದ್ದಿತು. ಊರಿನ ಒಂದು ಚುನಾವಣೆಗೂ ರಜೆ ಸಿಗದೆ ಇಲ್ಲೇ ಉಳಿದವನು ನಾನು. ಕತಾರಿಗೆ ಬಂದ ಹದಿನಾಲ್ಕು ವರ್ಷಗಳಲ್ಲಿ ನಾನು ಹಾಕಿದ ಮೊದಲ ಮತ ಅದು.