ಕಾಣದೆ ಇಟ್ಟ ಎಡೆ

ನನ್ನ ಗಂಡನ ಅಣ್ಣ, ಅಂದರೆ ನನಗೆ ಭಾವ, ದಾವಣಗೆರೆಯಲ್ಲಿ ಅರಳೆ ವ್ಯಾಪಾರ ಮಾಡುತ್ತಿದ್ದರು. ಲೋಕಿಕೆರೆ ಕಡೆಯ ಹತ್ತಿಗಾಡಿಗಳು ಬರುವ ಕಾಲಕ್ಕೆ ನಮ್ಮ ಹಾಲಿನ ಪಾತ್ರೆಯ ಮೇಲೂ ಅರಳೆಯ ಎಳೆ ಕೂತಿರುತ್ತಿತ್ತು. ಐವತ್ತರ ದಶಕ ಮುಗಿಯುವ ಹೊತ್ತಿಗೆ ಅವರು ಕೈಲಿದ್ದುದನ್ನೆಲ್ಲ ಕಡಲಾಚೆಯ ಒಂದು ದೇಶದ ಹತ್ತಿ ಕಾರ್ಖಾನೆಗೆ ಹಾಕಿದರು. ಆ ದೇಶದ ಹೆಸರನ್ನು ಆಮೇಲೆ ಮನೆಯಲ್ಲಿ ಯಾರೂ ಎತ್ತಲಿಲ್ಲ. ನಾನೂ ಎತ್ತುವುದಿಲ್ಲ.

ಕಾರ್ಖಾನೆ ನೋಡಿಕೊಳ್ಳಲು ಹೋದವರು ಹರಿಹರದವರೊಬ್ಬರು. ಭಾವನ ಕೈಕೆಳಗೆ ಕೆಲಸ ಕಲಿತವರು. ನಮ್ಮಲ್ಲಿಗೆ ಬಂದರೆ ಪಡಸಾಲೆಯಲ್ಲಿ ಕೂರದೆ ಸೀದಾ ಅಡುಗೆಮನೆ ಬಾಗಿಲಿಗೆ ಬಂದು, "ಅಕ್ಕಾರೆ, ಮಂಡಕ್ಕಿ ನಾ ತಂದೀನಿ. ಮೆಣಸಿನಕಾಯಿ ನೀವು ಕರೀತೀರೋ, ನಾನೇ ಒಲಿ ಮುಂದೆ ಕುಂದ್ರಲೋ?" ಎನ್ನುತ್ತಿದ್ದರು. ಹೊಸದಾಗಿ ಮದುವೆಯಾಗಿತ್ತು. ಹೆಂಡತಿಯನ್ನು ಆಮೇಲೆ ಕರೆಸಿಕೊಳ್ಳುತ್ತೇನೆಂದು ಹರಿಹರದಲ್ಲೇ ಬಿಟ್ಟು ಹಡಗು ಹತ್ತಿದರು.

ಮೂರನೆಯ ವರ್ಷ ಅಲ್ಲಿನ ಅಧಿಕಾರಿಗಳು ಸುಳ್ಳು ಮೊಹರು ಒತ್ತಿ ಕಾರ್ಖಾನೆಯನ್ನು ತಮ್ಮ ಕಡೆಯವರ ಹೆಸರಿಗೆ ಮಾಡಿಕೊಂಡರು. ಭಾವ ಕಟ್ಟಿದ ತೆರಿಗೆಯೂ ಅವರ ಜೇಬಿಗೇ ಹೋಗಿತ್ತು. ಭಾವ ಓಡೋಡಿ ಹೋದರು. "ಹೋದದ್ದು ಹೋಗ್ಲಿ, ಊರಿಗೆ ನಡಿ" ಎಂದು ಕರೆದರೆ ಹರಿಹರದವರು ಒಪ್ಪಲಿಲ್ಲವಂತೆ. "ನಾ ನೋಡಿದ್ದನ್ನ ನಾನೇ ಹೇಳ್ಬೇಕಲ್ರಿ, ಬ್ಯಾರೇರು ಹೆಂಗೆ ಹೇಳ್ತಾರೆ?" ಎಂದರಂತೆ. ಕೋರ್ಟಿನಲ್ಲಿ ಹೇಳಿದರು. ಸಂಜೆಯೇ ಅವರನ್ನು ಹಿಡಿದರು. ಭಾವನನ್ನು ಹಡಗಿಗೆ ಹತ್ತಿಸಿ ದೇಶದಿಂದ ಹೊರಗೆ ಹಾಕಿದರು.

ಕೆಲವು ತಿಂಗಳಿಗೆ ಅಲ್ಲಿಯ ಸರ್ಕಾರ, ಆ ಮನುಷ್ಯ ಜೈಲಿನಿಂದ ತಪ್ಪಿಸಿಕೊಂಡು ಓಡಿಹೋಗಿದ್ದಾನೆ ಎಂದಿತು. ಆದರೆ ಪಕ್ಕದ ಕೋಣೆಯಲ್ಲಿದ್ದ ಕೈದಿಯೊಬ್ಬ ಬಿಡುಗಡೆಯಾಗಿ ಬೊಂಬಾಯಿಗೆ ಬಂದವನು ಭಾವನಿಗೆ ಬೇರೆಯೇ ಹೇಳಿದ. ಹೊಡೆತದ ಸದ್ದು, ಕೂಗು, ಆಮೇಲೆ ಕೂಗು ನಿಂತದ್ದು, ಏನನ್ನೋ ಕಂಬಳಿಯಲ್ಲಿ ಸುತ್ತಿ ಹೊತ್ತುಕೊಂಡು ಹೋದದ್ದು.

ಅಲ್ಲಿಂದ ಭಾವ ಕಾರ್ಖಾನೆಯ ಮಾತು ಬಿಟ್ಟೇಬಿಟ್ಟರು. ಬೊಂಬಾಯಿ, ಮದರಾಸು, ದೆಹಲಿ ಎಂದು ತಿರುಗಿದರು. ಯಾವ ದೇಶದ ಸೆರೆಮನೆಯೇ ಆಗಲಿ, ಒಳಗೆ ಹೋದ ಮನುಷ್ಯನಿಗೆ ಲೆಕ್ಕ ಕೊಡಬೇಕು ಎಂದು ಕಂಡಕಂಡ ಸಭೆಯಲ್ಲಿ ಎದ್ದು ನಿಂತರು. "ಅವರನ್ನು ಕೊಂದರು, ಕೊಂದವರು ಸರ್ಕಾರದವರು" ಎಂಬುದು ಅವರ ಮಾತಿನ ಮೊದಲೂ ಕೊನೆಯೂ ಆಗಿತ್ತು. ಪೇಟೆಯವರು ನಗುತ್ತಿದ್ದರು. "ಸಾವ್ಕಾರ್ರು ಹತ್ತಿ ಬಿಟ್ಟು ಜೈಲಿನ ದಂಧೆ ಹಿಡ್ದಾರೆ ನೋಡ್ರಪ್ಪ. ಯಾಪಾರ ಜೋರೈತೇನ್ರಿ?"



ಆ ಸಲದ ಮಹಾಲಯ ಅಮಾವಾಸ್ಯೆ. ನಮ್ಮಲ್ಲಿ ಅಂದು ತೀರಿಕೊಂಡ ಹಿರಿಯರಿಗೆ ಹೊಸ ಬಟ್ಟೆ ಇಟ್ಟು, ಅವರಿಗೆ ಸೇರುತ್ತಿದ್ದ ಅಡುಗೆ ಮಾಡಿ ಎಡೆ ಇಡುತ್ತಾರೆ. ಅತ್ತೆಯ ಸೀರೆ, ಮಾವನವರ ಪಂಚೆ ಇಟ್ಟದ್ದಾಗಿತ್ತು. ಭಾವ ಇನ್ನೊಂದು ಜೊತೆ ಪಂಚೆ ತಂದು ಪಕ್ಕಕ್ಕಿಟ್ಟು, "ಒಂದೀಟು ಮೆಣಸಿನಕಾಯಿ ಕರಿಯವ್ವ" ಎಂದರು. ಯಾರಿಗೆ ಎಂದು ಕೇಳಬೇಕಿರಲಿಲ್ಲ. ಕರಿದೆ. ಮಂಡಕ್ಕಿಯ ಜೊತೆ ಬಾಳೆಲೆಗೆ ಬಡಿಸಿದೆ. ಭಾವ ಎಲೆಯ ಮುಂದೆ ಬಹಳ ಹೊತ್ತು ಕೈಮುಗಿದು ಕೂತಿದ್ದರು.

ಸುದ್ದಿ ಹರಿಹರಕ್ಕೆ ಮುಟ್ಟಲು ತಡವಾಗಲಿಲ್ಲ. ಮರುದಿನದ ರೈಲಿಗೇ ಹರಿಹರದವರ ಹೆಂಡತಿ ಬಂದಳು. ಹಣೆತುಂಬ ಕುಂಕುಮ, ತಲೆಯಲ್ಲಿ ಕನಕಾಂಬರ. ಗಂಡ ಬರುತ್ತಾನೆಂದು ಪ್ರತಿ ಅಮಾವಾಸ್ಯೆ ಉಕ್ಕಡಗಾತ್ರಿಗೆ ಹೋಗಿ ಹೊಳೆಯಲ್ಲಿ ಮಿಂದು ಅಲ್ಲಿಯ ಗದ್ದುಗೆಯ ಅಜ್ಜಯ್ಯನಿಗೆ ನಡೆದುಕೊಳ್ಳುತ್ತಿದ್ದಳು. ಹಿಂದಿನ ದಿನವೂ ಅಲ್ಲಿಗೇ ಹೋಗಿದ್ದಳಂತೆ.

"ಕೂಡ್ರವ್ವ" ಎಂದೆ. ಕೂರಲಿಲ್ಲ.

"ಅಣ್ಣಾರೆ, ನನ್ ಗಂಡಗೆ ಎಡಿ ಇಟ್ರಂತೆ?"

ಭಾವ ಎದ್ದು ನಿಂತರು. "ತಂಗೀ, ನನಗೆ ತಡೀಲಿಲ್ಲ..."

"ಕಣ್ಣಾರೆ ಕಂಡ್ರೇನು?"

"ಇಲ್ಲವ್ವ."

"ಹೆಣ ಕಂಡ್ರಾ? ಮಣ್ಣು ಮಾಡಿದ್ದು ಕಂಡ್ರಾ? ಕಾಣ್ದೆ ಹೆಂಗೆ ಇಟ್ರಿ? ನಾನು ಅಲ್ಲಿ ಹೊಳ್ಯಾಗೆ ನಿಂತು ಬರ್ಲಿ ಅಂತ ಬೇಡ್ಕಂತಿದ್ರೆ, ನೀವಿಲ್ಲಿ ಉಣ್ಣಿಸಿ ಕಳಿಸಿಬಿಟ್ರಾ?"

ಆಕೆ ಪೂಜೆಯ ಜಾಗಕ್ಕೆ ಹೋಗಿ ಆ ಪಂಚೆಗಳನ್ನು ಎತ್ತಿ, ಕೊಡವಿ, ಮಡಿಸಿ ಕಂಕುಳಲ್ಲಿಟ್ಟುಕೊಂಡಳು. "ಬಂದ ಮ್ಯಾಲೆ ಅವರೇ ಉಟ್ಕಂತಾರೆ." ಚಾ ಕುಡಿಯದೆ ಹೋದಳು.

ಆಮೇಲೆ ಭಾವ ಊಟ ಬಿಟ್ಟವರಂತಾದರು. ರೊಟ್ಟಿ ಮುರಿಯುವರು, ಬಾಯಿಗೆ ಒಯ್ಯರು. ಅಷ್ಟರಲ್ಲಿ, ಭಾವ ಕೊಟ್ಟಿದ್ದ ದೂರಿಗೆ ದೆಹಲಿಯ ಸರ್ಕಾರಿ ಕಚೇರಿಯಿಂದ, ಸಂಬಂಧವಿಲ್ಲದವರ ದೂರು ನಡೆಯದು, ಹೆಂಡತಿಯೇ ಬಂದು ಹೇಳಬೇಕು ಎಂಬ ಮಾತು ಬಂತು. ಭಾವ ನನ್ನನ್ನು ಕರೆದುಕೊಂಡು ಹರಿಹರಕ್ಕೆ ಹೋಗಿ ಆಕೆಯ ಜಗಲಿಯ ಮೇಲೆ ಕೂತರು. "ಕೊಂದ್ರು ಅನ್ನೋದಿಲ್ಲ ತಂಗಿ. ಎಲ್ಲಿದಾರೆ ಅಂತ ಕೇಳೋಣು. ಅಷ್ಟೇ." ಆಕೆ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟು, "ಅಕ್ಕಾರು ಬಂದ್ರೆ ಬರ್ತೀನಿ" ಎಂದಳು.

ದೆಹಲಿಯ ಆ ಕೋಣೆಯಲ್ಲಿ ಅಧಿಕಾರಿ ಒಳ್ಳೆಯವನೇ. ಕೂರಲು ಹೇಳಿದ, ನೀರು ತರಿಸಿದ. ಅವನಿಗೆ ಕನ್ನಡ ಬಾರದು, ಆಕೆಗೆ ಕನ್ನಡ ಬಿಟ್ಟು ಬೇರೆ ಬಾರದು. ನಡುವೆ ಭಾವನೇ ಮಾತು ದಾಟಿಸಬೇಕಿತ್ತು. ತನ್ನ ಗಂಡ ಎಲ್ಲಿ ಎಂದು ಆಕೆ ಕೇಳಿದಳು. ಅಧಿಕಾರಿ ಹೇಳಿದ್ದನ್ನು ಭಾವ ತಲೆ ಬಗ್ಗಿಸಿಕೊಂಡು ಕನ್ನಡದಲ್ಲಿ ಹೇಳಿದರು: ಓಡಿಹೋದ ಎಂದು ಆ ದೇಶ ಹೇಳುತ್ತದೆ. ಬದುಕಿದ್ದಾರೆ ಎಂದು ಹೆಂಡತಿಯೂ ಹೇಳಿದರೆ ನಾವು ಕೇಳಲು ಏನೂ ಉಳಿಯುವುದಿಲ್ಲ. ಸೆರೆಯಲ್ಲಿ ಸತ್ತರು ಎಂದು ಹೆಂಡತಿ ಹೇಳಿದರೆ ಮಾತ್ರ, ಹೇಗೆ ಸತ್ತರು ಎಂದು ನಮ್ಮ ಸರ್ಕಾರ ಕೇಳಬಹುದು.

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಮತ್ತೆ ಸುತ್ತಿದಳು.

"ಹಂಗಾರೆ ಓಡಿಹೋದ ಅನ್ನೋ ಹೆಸರೇ ಉಳಿತೈತೇನ್ರಿ?"

"ಹೌದವ್ವ."

"ಅವರು ಓಡಿಹೋಗೋರಲ್ಲ ಅಣ್ಣಾರೆ."

"ಅಲ್ಲವ್ವ."

"ಸತ್ತಾರೆ ಅಂತ ಹೇಳ್ರಿ."

ಭಾವ ಬಾಯಿ ತೆರೆದರು. ವರ್ಷಗಟ್ಟಲೆ ಕಂಡವರ ಮುಂದೆಲ್ಲ ಕೂಗಿ ಹೇಳಿದ್ದ ಮಾತು. ಹೇಳದೆ ನೀರಿನ ಲೋಟವನ್ನು ಆಕೆಯ ಕಡೆ ಸರಿಸಿದರು. ಅಧಿಕಾರಿ ಕಾಯುತ್ತಿದ್ದ.

"ಯಾಕ ಸುಮ್ಕಾದ್ರಿ? ನಾನೇ ಹೇಳಾಕತ್ತೀನಿ. ಹೇಳ್ರಿ."

ಭಾವ ಇಂಗ್ಲಿಷಿನಲ್ಲಿ ಹೇಳಿದರು. ನನಗೆ ಆ ಭಾಷೆ ತಿಳಿಯದು. ಆದರೂ ಅಧಿಕಾರಿ ಆಕೆಯ ಹಣೆ ನೋಡಿ ಕಣ್ಣು ತಗ್ಗಿಸಿದ್ದರಿಂದ ಮಾತು ಮುಟ್ಟಿತೆಂದು ತಿಳಿಯಿತು.

ನಮ್ಮ ಸರ್ಕಾರ ಕೇಳಿತಂತೆ. ಆ ದೇಶ ಉತ್ತರ ಕೊಡಲೇ ಇಲ್ಲ. ಅದು ನಮಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಅಂದು ಗೊತ್ತಿದ್ದದ್ದು ಇಷ್ಟೇ: ಕಚೇರಿಯ ಮೆಟ್ಟಿಲಿಳಿದು ಹುಲ್ಲಿನ ಅಂಗಳಕ್ಕೆ ಬಂದವಳೇ ಆಕೆ ಕುಸಿದು ಕೂತು, ಸತ್ತವರನ್ನು ಕರೆದು ಕರೆದು ನಮ್ಮ ಕಡೆ ಹೆಂಗಸರು ಅಳುತ್ತಾರಲ್ಲ, ಹಾಗೆ ದನಿ ತೆಗೆದಳು. ಯಾವ ಮಣ್ಣಾಗೆ ಮಲಗಿದ್ಯೋ ನನ್ನಪ್ಪಾ, ಯಾರು ನೀರು ಬಿಟ್ರೋ ಬಾಯಿಗೆ ಎಂದು. ನಾನು ಅವಳ ಬೆನ್ನು ಹಿಡಿದುಕೊಂಡೆ. ಕಚೇರಿಯವರು ಕಿಟಕಿಗೆ ಬಂದು ನಿಂತರು. ಬಾಗಿಲ ಜವಾನ ಏನೋ ಹಿಂದಿಯಲ್ಲಿ ಗದರುತ್ತ ಓಡಿಬಂದ.

ಭಾವ ಅವನಿಗೆ ಅಡ್ಡ ನಿಂತು ಎರಡೂ ಕೈ ಮುಗಿದರು. ಅವನಿಗೆ ಅರ್ಥವಾಗದ ಕನ್ನಡದಲ್ಲೇ, "ಅಳ್ಳಿ ಬಿಡಪ್ಪ. ಈಗ ಶುರು ಮಾಡ್ಯಾಳೆ" ಎಂದರು.