ಖಾಜಾ ಮಾಸ್ತರರಿಗೊಂದು ಖುರ್ಚಿ

ಈ ಬೆಳಿಗ್ಗೆ ಶಾಲೆಯ ಆಟದ ಸಾಮಾನಿನ ಕೋಣೆಯಲ್ಲಿ ಕೇರಂ ಪೌಡರಿನ ಹೊಸ ಡಬ್ಬಿ ತೆರೆದೆ. ಮುಚ್ಚಳ ಬಿಗಿಯಾಗಿತ್ತು, ನನ್ನ ಕೈ ಅದಕ್ಕಿಂತ ಬಿಗಿ. ಅರ್ಧ ಪೌಡರು ಮೂಗಿಗೆ ಹೋಯಿತು, ಉಳಿದರ್ಧ ಸೀರೆಗೆ. ಮೂರು ಸಲ ಸೀನಿದೆ. ನಾಲ್ಕನೆಯ ಸೀನಿಗೆ ವಾಡಿಯ ಕಲ್ಯಾಣ ಮಂಟಪ ನೆನಪಾಯಿತು. ಕೇರಂ ಪೌಡರಿಗೂ ಕಲ್ಯಾಣ ಮಂಟಪಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೇಳದಿದ್ದರೂ ಹೇಳುತ್ತೇನೆ. ಇಪ್ಪತ್ತೆಂಟು ವರ್ಷದಿಂದ ಚಿತ್ತಾಪುರದಲ್ಲಿ ಪಿ.ಟಿ. ಟೀಚರಾಗಿರುವವಳಿಗೆ ಕೇಳದೇ ಹೇಳುವುದು ಅಭ್ಯಾಸವಾಗಿಬಿಟ್ಟಿರುತ್ತದೆ.

ವಾಡಿಯನ್ನು ನೀವೂ ನೋಡಿರುತ್ತೀರಿ, ನಿದ್ದೆಗಣ್ಣಿನಲ್ಲಿ. ಮುಂಬೈಯಿಂದ ಹೈದರಾಬಾದ್, ಬೆಂಗಳೂರು, ಚೆನ್ನೈ, ಯಾವ ಕಡೆಗೆ ಹೊರಟರೂ ರೈಲು ಇಲ್ಲಿ ನಿಲ್ಲುತ್ತದೆ. ಜನ ಕಿಟಕಿಯಿಂದ ಕೈ ಚಾಚಿ ಚಹಾ ತೆಗೆದುಕೊಂಡು, ಇದು ಯಾವ ಊರು ಎಂದು ಕೇಳಿ, ಉತ್ತರ ಬರುವಷ್ಟರಲ್ಲಿ ಮುಂದೆ ಹೋಗಿರುತ್ತಾರೆ. ಇಳಿಯುವವರು ಇಲ್ಲಿ ಮನೆ ಇದ್ದವರು ಮಾತ್ರ, ನನ್ನಂಥವರು. ಆದರೆ ಮೂರು ವರ್ಷದ ಹಿಂದೆ ಒಂದು ಶುಕ್ರವಾರ, ಆ ನಾಲ್ಕೂ ಊರುಗಳಿಂದ ಬಂದ ಅರವತ್ತು ಜನ ಬೇಕೆಂದೇ ವಾಡಿಯಲ್ಲಿ ಇಳಿದರು. ಕುಣಿಯಲಿಕ್ಕೆ.

ಇದು ನನ್ನ ಅಕ್ಕನ ಮಗಳು ಪಲ್ಲವಿಯ ಕೆಲಸ. ಸೇಡಂನ ಹುಡುಗಿ, ಹೈದರಾಬಾದಿನಲ್ಲಿ ಜನರ ಮೊಣಕಾಲು, ಸೊಂಟ ಸರಿಮಾಡುವ ಫಿಸಿಯೋಥೆರಪಿಸ್ಟ್. ಸಂಜೆಯಾದರೆ ತನ್ನ ಮೊಣಕಾಲು ಸವೆಸಲು ಸ್ವಿಂಗ್ ಕುಣಿಯುತ್ತಾಳೆ. ಅಮೆರಿಕದ ಕಪ್ಪು ಜನ ಸುಮಾರು ನೂರು ವರ್ಷದ ಹಿಂದೆ ಜಾಝ್ ಸಂಗೀತಕ್ಕೆ ಕಟ್ಟಿದ ಜೋಡಿ ಕುಣಿತ ಅದು. ನಾಲ್ಕೂ ಊರಿನ ಗೆಳೆಯರು ಎಲ್ಲಿ ಸೇರಬೇಕೆಂದು ಜಗಳ ತೆಗೆದಾಗ ಇವಳು ರೈಲಿನ ನಕ್ಷೆ ಬಿಡಿಸಿ ನಡುವೆ ಬೆರಳಿಟ್ಟಳಂತೆ. ಮೂರು ದಿನದ ಹಬ್ಬ: ಮೊದಲ ದಿನ ಪಾಠ, ಎರಡನೆಯ ದಿನ ಬ್ಯಾಂಡಿನ ಜೊತೆ ಕುಣಿತ, ಕೊನೆಯ ದಿನ ಸ್ಪರ್ಧೆ. ಜಾಗ ನೋಡಲು ಬಂದಾಗ ಆಕೆ ಮೆಚ್ಚಿದ್ದು ಕಲ್ಯಾಣ ಮಂಟಪದ ನೆಲವನ್ನು. ಶಹಾಬಾದಿ ಕಲ್ಲಿನ ಫರಸಿ, ಎಷ್ಟೋ ಮದುವೆಯ ಪಂಕ್ತಿಗಳು ಕುಳಿತು ಎದ್ದು ನುಣುಪಾದದ್ದು. ಅದರ ಮೇಲೆ ಚಿಟಿಕೆ ಕೇರಂ ಪೌಡರು ಉದುರಿಸಿದರೆ ಬೂಟು ಬೇಕಾದಷ್ಟೇ ಜಾರುತ್ತದೆ. ಪೌಡರು ನಾನು ಅಂಗಡಿಯಿಂದ ತಂದದ್ದು, ಶಾಲೆಯದಲ್ಲ. ನಿಮ್ಮ ಮುಖ ನೋಡಿಯೇ ಹೇಳುತ್ತಿದ್ದೇನೆ.

ನಾನೂ ಹೆಸರು ಕೊಟ್ಟೆ. ನಲವತ್ತೊಂಬತ್ತು ತುಂಬಿತ್ತು, ತೂಕದ ಮಾತು ಬೇಡ. ಮನೆಯಲ್ಲಿ ಅತ್ತೆಯವರು ಲಿಂಗಪೂಜೆ ಮುಗಿಸಿ ಎದ್ದವರೇ ಕೇಳಿದರು:

“ಪರಗಂಡಸರ ಕೈ ಹಿಡಕೊಂಡು ಕುಣೀತಿ ಅಂತಲ್ಲ, ಮಂದಿ ಏನಂದಾರು?”

“ಮಂದಿ ಆಗಲೇ ಗೇಟಿನ ಹತ್ರ ನಿಂತು ನೋಡಾಕತ್ತಾರ್ರಿ ಅತ್ತಿ. ಹಿಂದ ನಿಂತ್ರ ಕಾಣಂಗಿಲ್ಲ, ನೀವು ಲಗೂ ಬರ್ರಿ.”

ಅವರು ಬಂದರು, ಮೂರೂ ದಿನ, ಮುಂದಿನ ಸಾಲಿನಲ್ಲಿ ಕುಳಿತರು.

ಪಾಠ ಮಾತ್ರ ನನಗೆ ಬಲು ಕಷ್ಟವಾಯಿತು. ಈ ಕುಣಿತದಲ್ಲಿ ಒಬ್ಬರು ನಡೆಸಬೇಕು, ಇನ್ನೊಬ್ಬರು ನಡೆಯಬೇಕು. ಜೋಡಿಯನ್ನು ಚೀಟಿ ಎತ್ತಿ ಆರಿಸುತ್ತಾರೆ. ನನ್ನನ್ನು ನಡೆಸಲು ಬಂದವರು ಚೆನ್ನೈಯ ಒಬ್ಬ ಹಲ್ಲಿನ ಡಾಕ್ಟರು, ಸೌಮ್ಯ ಮನುಷ್ಯ. ನಾನು ಅವರನ್ನು ಮಂಟಪದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎಳೆದುಕೊಂಡು ಹೋಗಿಬಿಟ್ಟೆ. ಪಲ್ಲವಿ ಓಡಿ ಬಂದಳು. “ಚಿಗವ್ವ, ನೀ ಎಳೀಬ್ಯಾಡ. ಅವರು ಏನು ಹೇಳ್ತಾರ ಅಂತ ಕೈಲೆ ಕೇಳು.” ಸಾವಿರಾರು ಮಕ್ಕಳಿಗೆ ಎಡ, ಬಲ ಎಂದು ಕೂಗಿದವಳು ನಾನು. ಕೈಯಿಂದ ಕೇಳುವುದು ಎಂದರೇನು, ನನಗೆ ತಿಳಿಯಲಿಲ್ಲ.

ಬ್ಯಾಂಡಿನ ವಿಷಯದಲ್ಲಿಯೂ ನಾನೇ ಎಳೆದದ್ದು. ಪಲ್ಲವಿ ಪುಣೆಯಿಂದ ವಾದ್ಯದವರನ್ನು ತರಿಸುವವಳಿದ್ದಳು. ನಾನು ಬಿಡಲಿಲ್ಲ. “ಹೊರಗಿನವರು ಯಾಕ ಬೇಕು? ಶಹಾಬಾದಿನ ಖಾಜಾ ಮಾಸ್ತರ್ ಅದಾರ. ಕ್ಲಾರನೆಟ್, ಟ್ರಂಪೆಟ್, ಡ್ರಮ್ ಎಲ್ಲಾ ಅವರ ಕಡಿ ಅವ. ಆಗ್ತದ ಬಿಡು, ನಾ ಹೇಳ್ತೀನಲ್ಲ.” ಆಗ ನಾನು ಜಾಝ್ ಎಂಬುದನ್ನು ಒಂದು ಸಲವೂ ಕೇಳಿರಲಿಲ್ಲ, ಆದರೂ ದನಿಯಲ್ಲಿ ಅನುಮಾನ ಒಂದಿಷ್ಟೂ ಇರಲಿಲ್ಲ.

ಖಾಜಾ ಮಾಸ್ತರರ ಮದುವೆ ಬ್ಯಾಂಡು ಗೊತ್ತಿಲ್ಲದ ಮನೆ ನಮ್ಮ ಕಡೆ ಇರಲಿಲ್ಲ. ಚಿಂಚೋಳಿಯಿಂದ ಚಿತ್ತಾಪುರದ ತನಕ ನಲವತ್ತು ವರ್ಷ ಮದುಮಗನ ಮುಂದೆ ಕ್ಲಾರನೆಟ್ ಊದುತ್ತ ನಡೆದ ಮನುಷ್ಯ. ನನ್ನ ಮದುವೆಯ ಮೆರವಣಿಗೆಗೂ ಅವರೇ. ಈಚೆಗೆ ಡಿಜೆ ಬಂದ ಮೇಲೆ ಕರೆಗಳು ಕಡಿಮೆಯಾಗಿ, ಎಂಟು ಜನರ ಕೆಂಪು ಕೋಟುಗಳು ಹೆಚ್ಚಾಗಿ ಗೂಟದಲ್ಲೇ ಇರುತ್ತಿದ್ದವು. ಪಲ್ಲವಿ ಫೋನಿನಲ್ಲಿ ಹಾಡು ಕಳಿಸಿದಳು. ವಾರದಲ್ಲಿ ಮಾಸ್ತರರ ಫೋನು ಬಂತು. “ಟೀಚರಮ್ಮ, ಇದು ನಮಗ ಹೊಸದಲ್ರಿ. ಹಳೇ ಹಿಂದಿ ಪಿಕ್ಚರ್‌ದಾಗ ಕ್ಲಬ್ಬಿನ ಹಾಡು ಇರ್ತಿದ್ವಲ್ಲ, ಅದೇ ಚಾಲ್ ಅದ. ಬಂದು ಕೇಳ್ರಿ.” ಹೋಗಿ ಕೇಳಿದೆ. ಮನೆ ಚಿಕ್ಕದು, ಎಂಟು ಜನ ಹಿಡಿಯುವುದಿಲ್ಲ. ಗಲ್ಲಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತ ಬಾರಿಸಿದರು. ಆಡುಗಳು ದಾರಿ ಬಿಟ್ಟವು. ನನ್ನ ಹಿಮ್ಮಡಿ ತಾನಾಗಿಯೇ ಎದ್ದು ಇಳಿಯಿತು.

ಇನ್ನು ಖುರ್ಚಿಯ ವಿಷಯ. ಮದುವೆಯಲ್ಲಿ ಬ್ಯಾಂಡಿನವರಿಗೆ ಯಾರಾದರೂ ಖುರ್ಚಿ ಹಾಕಿದ್ದನ್ನು ನೋಡಿದ್ದೀರಾ? ಮಂಟಪದ ಬಾಗಿಲ ತನಕ ಅವರು ಬೇಕು. ಬಾಗಿಲು ಬಂತೆಂದರೆ ನಾವು ಒಳಗೆ, ಅವರು ಗೋಡೆಯ ನೆರಳಿಗೆ. ಊಟಕ್ಕೆ ಕಡೆಯ ಪಂಕ್ತಿ. ಅಷ್ಟರಲ್ಲಿ ಹೋಳಿಗೆ ಮುಗಿದಿರುತ್ತದೆ. ಸಾಲುಸಾಲು ಮದುವೆ ಉಂಡವಳಿಗೆ ಇದು ಆಗ ಹೊಳೆಯಿತು, ಹೊಳೆದದ್ದೇ ತಡ ಇಡೀ ಊರಿನ ತಪ್ಪನ್ನು ನಾನೊಬ್ಬಳೇ ತಿದ್ದುತ್ತೇನೆ ಎಂದು ಹೊರಟೆ. ವೇದಿಕೆಯ ಮೇಲೆ ಬಿಳಿ ಬಟ್ಟೆ ಹೊದಿಸಿದ ಏಳು ಖುರ್ಚಿ, ನಡುವೆ ಮಾಸ್ತರರಿಗೆ ಮದುಮಕ್ಕಳು ಕೂರುವ ಬಂಗಾರ ಬಣ್ಣದ ದೊಡ್ಡ ಖುರ್ಚಿ. “ಇಷ್ಟು ವರ್ಷ ನಿಂತೀರಿ ಮಾಸ್ತರ್, ಇವತ್ತು ಕುಂದ್ರಿ” ಎಂದೆ. ಅವರು ಖುರ್ಚಿಯನ್ನು ಕೈಯಿಂದ ಒಂದು ಸಲ ಸವರಿ, ಅಂಚಿಗೆ ಕುಳಿತರು. ನನ್ನ ಕಣ್ಣು ತುಂಬಿತು; ಅವರಿಗಾಗಿ ಅರ್ಧ, ನನ್ನ ದೊಡ್ಡತನಕ್ಕಾಗಿ ಇನ್ನರ್ಧ.

ಶನಿವಾರ ಮಧ್ಯಾಹ್ನ ಬ್ಯಾಂಡು ಸುರುವಾಯಿತು, ಎರಡನೆಯ ಹಾಡಿಗೆ ನಿಧಾನವಾಯಿತು, ಮೂರನೆಯದಕ್ಕೆ ತೂಕಡಿಸಿತು. ಸ್ವರ ಒಂದೂ ತಪ್ಪಲಿಲ್ಲ, ಆದರೆ ಲಯ ಒದ್ದೆ ಬಟ್ಟೆಯ ಹಾಗೆ ಜೋಲುಬಿದ್ದಿತು. ಮಾಸ್ತರರು ಮೆತ್ತನೆಯ ಖುರ್ಚಿಯಲ್ಲಿ ಇಳಿದು ಇಳಿದು ಮೊಣಕಾಲು ಎದೆಗೆ ಬಂದಿತ್ತು. ಕುಣಿಯುವವರು ಕಾಲು ಎತ್ತಿ, ತಾಳಕ್ಕಾಗಿ ಕಾದು, ಕೆಳಗಿಡುತ್ತಿದ್ದರು. ಒಬ್ಬೊಬ್ಬರೇ ನೀರು ಕುಡಿಯಲು ಹೋದರು.

ಪಲ್ಲವಿ ನನ್ನನ್ನು ಪಕ್ಕಕ್ಕೆ ಕರೆದಳು. “ಚಿಗವ್ವ, ಬ್ಯಾಸರ ಆಗಬ್ಯಾಡ. ನಾಳಿ ಸ್ಪರ್ಧಾಕ್ಕ ಲ್ಯಾಪ್‌ಟಾಪಿನ ಹಾಡು ಹಚ್ಚೋಣು. ಮೊದಲನೇ ಸುತ್ತು ಇವರು ಬಾರಿಸಲಿ, ಸಾಕು.” ಬ್ಯಾಂಡು ತಂದವಳು ನಾನು, ಹೇಳಬೇಕಾದವಳೂ ನಾನೇ. ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ ಮಾಸ್ತರರ ಮುಂದೆ ನಿಂತು ಹೇಳಿದೆ. ಅವರು ಚಹಾದ ಬಸಿ ಕೆಳಗಿಟ್ಟರು.

“ಮದುವಿಗೆ ಡಿಜೆ ಬಂದಾಗ ನಮಗ ಯಾರೂ ಹೇಳ್ಲಿಲ್ರಿ ಟೀಚರಮ್ಮ. ಕರಿಯೋದು ಬಿಟ್ರು, ಅಷ್ಟ. ನೀವು ಎದುರಿಗಿ ಬಂದು ಹೇಳಾಕತ್ತೀರಿ, ಅದೇ ಭಾಳ ಆತು.”

ಇದಕ್ಕಿಂತ ಎರಡು ಬೈದಿದ್ದರೆ ಚಲೋ ಇತ್ತು. ಮೆಟ್ಟಿಲ ಮೇಲೆ ಅವರ ಪಕ್ಕ ಕುಳಿತು ನಾನೂ ಚಹಾ ತರಿಸಿಕೊಂಡೆ. ಶಹಾಬಾದಿನ ಗಲ್ಲಿಯಲ್ಲಿ ಕೇಳಿದ್ದು ಇದೇ ಬ್ಯಾಂಡು, ಇವೇ ಹಾಡು. ಅಲ್ಲಿ ಇದ್ದದ್ದು ಇಲ್ಲಿ ಎಲ್ಲಿ ಹೋಯಿತು? ಕವಾಯತು ಮಾಡಿಸುವವಳಿಗೆ ಇದು ಹೊಳೆಯಲು ಇಷ್ಟು ಹೊತ್ತು ಬೇಕಾಗಿರಲಿಲ್ಲ. ನಡೆಯುವ ಮಕ್ಕಳ ಹೆಜ್ಜೆ ಒಂದಾಗುತ್ತದೆ, ಕುಳಿತು ಚಪ್ಪಾಳೆ ತಟ್ಟುವ ಮಕ್ಕಳದು ಎಂದೂ ಒಂದಾಗುವುದಿಲ್ಲ. ಇವರ ತಾಳ ಡ್ರಮ್ಮಿನಲ್ಲಿರಲಿಲ್ಲ, ಎಂಟು ಜೊತೆ ಕಾಲಿನಲ್ಲಿತ್ತು. ನಾನು ಆ ಕಾಲುಗಳನ್ನೇ ಕಟ್ಟಿಹಾಕಿದ್ದೆ, ಬಿಳಿ ಬಟ್ಟೆ ಹೊದಿಸಿ.

“ಮಾಸ್ತರ್, ನಾಳಿ ನಡಕೋತ ಬಾರಿಸ್ರಿ” ಎಂದೆ.

ಅವರು ಫೋನು ತೆಗೆದು ತೋರಿಸಿದರು. ಬಂಗಾರದ ಖುರ್ಚಿಯಲ್ಲಿ ಅವರು ಕುಳಿತ ಫೋಟೋವನ್ನು ಅವರ ಮಗಳು ಎಲ್ಲರಿಗೂ ಕಾಣುವಂತೆ ಹಾಕಿದ್ದಳು. “ಊರ ಮಂದಿ ಎಲ್ಲಾ ನೋಡ್ಯಾರ್ರಿ. ನಲವತ್ತು ವರ್ಷಕ್ಕ ಒಂದು ಖುರ್ಚಿ ಸಿಕ್ಕದ. ನಾಳಿ ಮತ್ತ ಎದ್ದು ನಡದ್ರ, ಮತ್ತ ಮದುವಿ ಬಾರಾತಿನ ಬ್ಯಾಂಡೇ ಅಲ್ರಿ?”

ಖುರ್ಚಿ ಬಿಡಿ ಎಂದು ಹೇಳುವ ಹಕ್ಕು ನನಗೆ ಯಾರು ಕೊಟ್ಟಿದ್ದರು? ಕೂರಿಸುವಾಗಲೂ ನಾನು ಕೇಳಿರಲಿಲ್ಲ.

ಭಾನುವಾರ ಸ್ಪರ್ಧೆ. ವೇದಿಕೆಯ ಅಂಚಿನಲ್ಲಿ ಲ್ಯಾಪ್‌ಟಾಪು ಸಿದ್ಧವಾಗಿತ್ತು. ಮೊದಲ ಸುತ್ತಿಗೆ ನಾನೂ ಹಲ್ಲಿನ ಡಾಕ್ಟರೂ ಕೈ ಹಿಡಿದು ನಿಂತೆವು. ಮಾಸ್ತರರು ಕುಳಿತೇ ಊದಿದರು. ಹದಿನಾರು ಎಣಿಕೆಯೊಳಗೆ ಹಾಡು ನಿನ್ನೆಯ ಹಾಗೆಯೇ ಕುಸಿಯತೊಡಗಿತು. ಹನ್ನೆರಡು ಜೋಡಿಗಳ ಕಾಲುಗಳು ಗಾಳಿಯಲ್ಲಿ ಕಾದವು. ನಾನು ಮೇಲೆ ನೋಡಿದೆ. ಮಾಸ್ತರರು ನಮ್ಮ ಮುಖ ನೋಡುತ್ತಿರಲಿಲ್ಲ, ಕಾಲುಗಳನ್ನು ನೋಡುತ್ತಿದ್ದರು. ತುಟಿಯಿಂದ ಕ್ಲಾರನೆಟ್ ತೆಗೆಯದೆ, ಒಂದು ಕೈ ಖುರ್ಚಿಯ ತೋಳಿಗೆ ಊರಿ ಎದ್ದರು. ಒಂದು ಗಳಿಗೆ ನಿಂತರು. ಆಮೇಲೆ ಮೂರು ಮೆಟ್ಟಿಲು ಇಳಿದು ನಮ್ಮ ನಡುವೆಯೇ ನಡೆದರು. ಹಿಂದೆ ಟ್ರಂಪೆಟ್, ಅದರ ಹಿಂದೆ ಕೊರಳಿಗೆ ತೂಗಿದ ಡ್ರಮ್ಮು, ಎಂಟೂ ಜನ.

ಹೇಗೆ ಹೇಳಲಿ! ಹಾಡಿಗೆ ಜೀವ ಬಂತು. ಫರಸಿಯ ಮೇಲೆ ಎಂಟು ಜೊತೆ ಬೂಟಿನ ಸಪ್ಪಳ, ಅದರ ಮೇಲೆ ಕ್ಲಾರನೆಟ್ಟು. ಡಾಕ್ಟರರ ಕೈ ಏನೋ ಹೇಳಿತು, ಜೀವನದಲ್ಲಿ ಮೊದಲ ಸಲ ನಾನು ಎಳೆಯದೆ ಹೋದೆ, ಒಂದು ಸುತ್ತು ತಿರುಗಿ ಬಂದೆ. ಗೇಟಿನ ಮಂದಿ ಒಳಗೆ ಬಂದರು. ಅತ್ತೆಯವರು ಮುಂದಿನ ಸಾಲಿನಲ್ಲಿ ತೊಡೆ ತಟ್ಟುತ್ತಿದ್ದರು. ಆ ಸುತ್ತಿನಲ್ಲೇ ನಾನು ಸ್ಪರ್ಧೆಯಿಂದ ಹೊರಬಿದ್ದೆ, ನಗುತ್ತಲೇ ಬಿದ್ದೆ. ಎರಡನೆಯ ಸುತ್ತಿಗೆ ಪಲ್ಲವಿ ಲ್ಯಾಪ್‌ಟಾಪು ಮುಚ್ಚಿಟ್ಟಳು. ಕಡೆಯ ಸುತ್ತಿನ ತನಕ ಅದನ್ನು ಯಾರೂ ಮುಟ್ಟಲಿಲ್ಲ. ಎಲ್ಲ ಮುಗಿದ ಮೇಲೆ ಮಾಸ್ತರರು ಬೆವರಿನಲ್ಲಿ ತೊಯ್ದು ನನ್ನ ಹತ್ತಿರ ಬಂದು, “ಈಗ ಫೋಟೋ ತೆಗೀರಿ” ಎಂದರು, ನಿಂತೇ.

ಇದೆಲ್ಲ ನೆನೆಯುತ್ತ ಸೀರೆ ಝಾಡಿಸುತ್ತಿರುವಾಗ ಪಲ್ಲವಿಯ ಫೋನು ಬಂತು. ಬರುವ ತಿಂಗಳು ಮತ್ತೆ ಹಬ್ಬ, ವಾಡಿಯಲ್ಲೇ. “ಚಿಗವ್ವ, ಮಾಸ್ತರ್ ಬ್ಯಾಂಡಿಗಿ ಖುರ್ಚಿ ಹಾಕ್ಸಲೋ ಬ್ಯಾಡೋ? ನೀ ಹ್ಯಾಂಗ ಹೇಳ್ತಿ ಹಾಂಗ.”

ಬ್ಯಾಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. “ನನಗೇನು ಗೊತ್ತು? ಅವರನ್ನ ಕೇಳು” ಎಂದೆ. ಆ ಕಡೆ ಪಲ್ಲವಿ, ನನ್ನ ಆರೋಗ್ಯ ಸರಿ ಇದೆಯಾ ಎಂದು ವಿಚಾರಿಸಿ ಫೋನು ಇಟ್ಟಳು.

ಹತ್ತು ನಿಮಿಷಕ್ಕೆ ಮತ್ತೆ ಫೋನು.

“ಕೇಳ್ದೆ ಚಿಗವ್ವ. ಎಂಟು ಖುರ್ಚಿ ಬೇಕಂತ. ವೇದಿಕಿ ಮ್ಯಾಲ ಅಲ್ಲ, ಊಟದ ಹಾಲಿನ್ಯಾಗ, ಮೊದಲನೇ ಪಂಕ್ತಿಗಿ. ತಾವು ಕುಂದ್ರೋ ತನಕ ಯಾರಿಗೂ ಎಲಿ ಹಾಕಬಾರ್ದಂತ.”